‘ಹೀಗಾಗಿದ್ದಿದ್ದರೆ’ ಎಂದು ಬರೆಯಹೊರಟ ಮಗಳಿಗೆ

ಪುಟ್ಟೀ,

ಪಿಎಚ್.ಡಿ. ಬಿಟ್ಟು ಕಾದಂಬರಿ ಬರೆಯುತ್ತೇನೆ ಅಂದಿದ್ದೀಯ. ಅಮ್ಮ ಸಿಡಿಮಿಡಿ ಅನ್ನುತ್ತಿದ್ದಾಳೆ, ಅವಳನ್ನು ನನಗೆ ಬಿಡು. ನಿನಗೆ ಹ್ಯಾರಿ ಟರ್ಟಲ್‌ಡವ್ ಎಂಬ ಅಮೆರಿಕದ ಕಾದಂಬರಿಕಾರನ ವಿಷಯ ಹೇಳಬೇಕು. ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಅನ್ನುವುದನ್ನೇ ಬರೆದು ಹೆಸರಾದವನು.

ಹುಟ್ಟಿದ್ದು 1949ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಕ್ಯಾಲ್‌ಟೆಕ್ ಎಂಬ ಹೆಸರಾಂತ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯ ಸೇರಿ ಮೊದಲ ವರ್ಷವೇ ಡುಮ್ಕಿ ಹೊಡೆದ. ಆಮೇಲೆ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಇತಿಹಾಸ ಓದಿ 1977ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ. ಆರನೇ ಶತಮಾನದ ಚಕ್ರವರ್ತಿಗಳನ್ನು ಅರೆದು ಕುಡಿದವನಿಗೆ ಅದರಿಂದ ಹೊಟ್ಟೆ ತುಂಬಬೇಕಲ್ಲ! ಲಾಸ್ ಏಂಜಲೀಸ್ ಕೌಂಟಿಯ (ನಮ್ಮ ಜಿಲ್ಲೆಯಂತೆ) ಶಿಕ್ಷಣ ಕಚೇರಿಯಲ್ಲಿ ತಾಂತ್ರಿಕ ಬರಹದ ನೌಕರಿ ಮಾಡಿದ. ಮೊದಲ ಕಾದಂಬರಿಗಳು 1979ರಲ್ಲೇ ಬಂದವು, ನೌಕರಿ ಬಿಟ್ಟಿದ್ದು ಮಾತ್ರ 1991ರಲ್ಲಿ. ಆ ಮೊದಲ ಪುಸ್ತಕಗಳಿಗೂ ಅವನ ಹೆಸರಿರಲಿಲ್ಲ. ಟರ್ಟಲ್‌ಡವ್ ಎಂಬ ಹಕ್ಕಿಯ ಹೆಸರಿನ ಲೇಖಕನನ್ನು ಯಾರೂ ನಂಬುವುದಿಲ್ಲವೆಂದು ಪ್ರಕಾಶಕರು ಎರಿಕ್ ಐವರ್ಸನ್ ಮಾಡಿಬಿಟ್ಟಿದ್ದರು.

ಅವನು ಬದಲಿಸುವುದು ಎಷ್ಟು ಸಣ್ಣದನ್ನು ನೋಡು. 1862ರಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ, ಬೇರೆ ದೇಶವಾಗಹೊರಟಿದ್ದ ದಕ್ಷಿಣ ರಾಜ್ಯಗಳ ಸೇನಾಪತಿ ಲೀಯ ಯುದ್ಧಯೋಜನೆಯ ಒಂದು ಪ್ರತಿ, ಮೂರು ಸಿಗಾರುಗಳಿಗೆ ಸುತ್ತಿದ ಕಾಗದವಾಗಿ, ಮೇರಿಲ್ಯಾಂಡಿನ ಬಯಲಲ್ಲಿ ಶತ್ರುಗಳಿಗೆ ಸಿಕ್ಕಿತು. ಇದು ನಡೆದದ್ದು. ಟರ್ಟಲ್‌ಡವ್‌ನ ಕಥೆಯಲ್ಲಿ ಅದು ಬಿದ್ದೊಡನೆ ಲೀಯ ಕಡೆಯವರೇ ಎತ್ತಿಕೊಳ್ಳುತ್ತಾರೆ. ಅಷ್ಟೇ. ಅಲ್ಲಿಂದ ಅಮೆರಿಕ ಎರಡು ದೇಶವಾಗಿ, 20ನೇ ಶತಮಾನದ ಮಹಾಯುದ್ಧಗಳಲ್ಲಿ ಎದುರುಬದುರು ನಿಲ್ಲುತ್ತವೆ. ಒಟ್ಟು 11 ಪುಸ್ತಕ! ಕೊನೆಕೊನೆಗೆ ಎಳೆದಾಡಿದ್ದಾನೆ, ನಾನು ಪುಟ ಹಾರಿಸಿದ್ದೇನೆ. ಆದರೆ ರೈಲು, ಬೇಳೆಕಾಳು, ಚುನಾವಣೆ, ಯಾವುದನ್ನೂ ಮರೆಯುವುದಿಲ್ಲ.

ನನ್ನನ್ನು ಬಹಳ ಕಾಡಿದ್ದು 1988ರ ಸಣ್ಣಕಥೆ, ‘ದ ಲಾಸ್ಟ್ ಆರ್ಟಿಕಲ್’. ಎರಡನೇ ಮಹಾಯುದ್ಧ ಗೆದ್ದ ನಾಜಿಗಳು ಬ್ರಿಟಿಷರ ಜಾಗಕ್ಕೆ ಭಾರತಕ್ಕೆ ಬರುತ್ತಾರೆ. ಗಾಂಧೀಜಿ ಅವರೆದುರೂ ಸತ್ಯಾಗ್ರಹಕ್ಕೆ ಇಳಿಯುತ್ತಾರೆ. ಜರ್ಮನ್ನರು ಗುಂಡು ಹಾರಿಸುತ್ತಾರೆ, ಅವರಿಗೆ ನಾಚಿಕೆಯೂ ಆಗುವುದಿಲ್ಲ. ಓದಿ ಸಿಟ್ಟು ಬಂತು, ಜಗಳವಾಡಲು ವಾದ ಮಾತ್ರ ಸಿಗಲಿಲ್ಲ. ಎರಡೂ ಕಡೆಯವರನ್ನು ಅವನು ಅಷ್ಟು ಓದಿಕೊಂಡಿದ್ದ.

ಆದ್ದರಿಂದ ಪಿಎಚ್.ಡಿ.ಯನ್ನು ಈಗಲೇ ಬಿಡಬೇಡ ಅಂತ ನನ್ನ ಕೋರಿಕೆ. ಆ ಕಾಗದಪತ್ರಗಳ ರಾಶಿಯೇ ನಿನ್ನ ಕಾದಂಬರಿಯ ಬಂಡವಾಳ. ಮುಂದಿನ ತಿಂಗಳ ಬಾಡಿಗೆ ಹಾಕಿದ್ದೇನೆ. ನಿನ್ನ ಕಥೆಯಲ್ಲಿ ಬದಲಾಗುವ ಆ ಒಂದು ಸಂಗತಿ ಯಾವುದು? ಬರೆದು ತಿಳಿಸು.

ನಿನ್ನ ಅಪ್ಪ