‘ಸರ್ವರ್ ರೆಡಿ’ ಎಂದು ಸುಳ್ಳು ಹೇಳುವ ನಿಮ್ಮ ಸ್ಕ್ರಿಪ್ಟ್ ಬಗ್ಗೆ ದೂರು

ದಾವಣಗೆರೆ
14 ಜುಲೈ 2025

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ನಿಮ್ಮಿಂದ ಕೊಂಡ ವರ್ಚುವಲ್ ಸರ್ವರ್ ಲ್ಯಾಬ್ ಕಿಟ್ ಕೆಲಸ ಮಾಡದಿರುವುದು, ದೂರನ್ನು ಪರಿಹರಿಸದೆಯೇ ಮುಚ್ಚಿರುವುದು

ಮಾನ್ಯರೇ,

ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. 12 ಪಿಸಿ, ಒಂದು ಪ್ರೊಜೆಕ್ಟರ್, ಮೇಷ್ಟ್ರು ನಾನೊಬ್ಬನೇ. ಹರಿಹರ, ಜಗಳೂರು, ಚನ್ನಗಿರಿ ಕಡೆಯ ಡಿಪ್ಲೊಮಾ, ಡಿಗ್ರಿ ಮುಗಿಸಿದ ಮಕ್ಕಳು ಲಿನಕ್ಸ್ ಸರ್ವರ್ ಕೆಲಸ ಕಲಿಯಲು ಬರುತ್ತಾರೆ. ಇವರಿಗೆ ಕೈಗೊಂದು ನಿಜವಾದ ಸರ್ವರ್ ಕೊಡುವ ಶಕ್ತಿ ನನಗಿಲ್ಲ. ಅದಕ್ಕೇ ಮೇ ತಿಂಗಳಲ್ಲಿ 18,000 ರೂಪಾಯಿ ಕೊಟ್ಟು ನಿಮ್ಮ ಕಿಟ್ ತೆಗೆದುಕೊಂಡೆ. ಒಂದು ವರ್ಷದ ಸಹಾಯಕ್ಕೆ ಅಂತ 6,000 ಬೇರೆ ಕಟ್ಟಿದೆ.

ನೀವು ಹೇಳಿದ್ದು ಇಷ್ಟು. ಒಂದು ಆಜ್ಞೆ ಹೊಡೆದರೆ ಸಾಕು, ಪ್ರತಿ ಪಿಸಿಯ ಒಳಗೂ ಮೂರು ಸರ್ವರ್ ತಾವೇ ಎದ್ದು ನಿಲ್ಲುತ್ತವೆ. ಮುಂದೆ ನಿಂತು ಕೆಲಸ ಹಂಚಲು ಎಚ್‌ಎ ಪ್ರಾಕ್ಸಿ, ಪುಟ ತೋರಿಸಲು ಅಪಾಚೆ, ಹಿಂದೆ ಮಾರಿಯಾಡಿಬಿ. ಪಿಸಿಯೊಳಗೆ ಸಾಫ್ಟ್‌ವೇರ್‌ನಿಂದಲೇ ಇನ್ನೊಂದು ಯಂತ್ರ ಓಡಿಸುವ ವರ್ಚುವಲ್‌ಬಾಕ್ಸ್, ಆ ಯಂತ್ರಗಳನ್ನು ಕಟ್ಟಿ ಎಬ್ಬಿಸುವ ವೇಗ್ರಂಟ್ ಇದ್ದರಾಯಿತು, ಮಿಕ್ಕಿದ್ದೆಲ್ಲ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ನೋಡಿಕೊಳ್ಳುತ್ತೆ. ಮಾತು ಸುಳ್ಳಲ್ಲ, ವೇಗ್ರಂಟ್ ಇರುವುದೇ ಅದಕ್ಕೆ. ಯಂತ್ರಕ್ಕೆ ಎಷ್ಟು ಮೆಮೊರಿ, ಯಾವ ಐಪಿ ವಿಳಾಸ, ಒಳಗೆ ಏನೇನು ಹಾಕಬೇಕು ಅಂತ ಒಂದು ಫೈಲಿನಲ್ಲಿ ಬರೆದಿಟ್ಟರೆ, ಎಷ್ಟು ಸಲ ಕೆಡವಿದರೂ ಅದೇ ಯಂತ್ರ ಮತ್ತೆ ಎದ್ದು ಬರಬೇಕು.

ಜೂನ್ 9, ಸೋಮವಾರ, ಹೊಸ ಬ್ಯಾಚಿನ ಮೊದಲ ಪ್ರಾಕ್ಟಿಕಲ್. 12 ಪಿಸಿಯಲ್ಲೂ ಸ್ಕ್ರಿಪ್ಟ್ ಓಡಿಸಿದೆವು. ಸುಮಾರು ಮುಕ್ಕಾಲು ಗಂಟೆ ಆದ ಮೇಲೆ ಎಲ್ಲ ಪರದೆಯಲ್ಲೂ ಹಸಿರು ಅಕ್ಷರದಲ್ಲಿ ‘ಸರ್ವರ್ ರೆಡಿ! ಹ್ಯಾಪಿ ಲರ್ನಿಂಗ್!’ ಅಂತ ಬಂತು. ಪಿಸಿಗೆ ಮೂರರಂತೆ 36 ಹಸಿರು ಸಾಲು. ಮಕ್ಕಳು ಚಪ್ಪಾಳೆಯನ್ನೂ ತಟ್ಟಿದರು. ಬ್ರೌಸರ್ ತೆಗೆದು ವಿಳಾಸ ಹಾಕಿದರೆ ಪುಟ ಬರಲಿಲ್ಲ. ಒಂದು ಪಿಸಿಯಲ್ಲೂ ಬರಲಿಲ್ಲ.

ಜಗಳೂರಿನಿಂದ ಬೆಳಗಿನ ಬಸ್ಸಿಗೆ ಬರುವ ಒಬ್ಬ ಹುಡುಗಿ ಇದ್ದಾಳೆ. ಅವಳು ವಿಳಾಸವನ್ನು ನಾಲ್ಕು ಸಲ ಅಳಿಸಿ ಬರೆದಳು. ಐಪಿಯ ಒಂದೊಂದು ಅಂಕಿಯ ಕೆಳಗೂ ಬೆರಳಿಟ್ಟು ಬೋರ್ಡ್ ಮೇಲಿದ್ದುದಕ್ಕೆ ತಾಳೆ ನೋಡಿದಳು. ಆಮೇಲೆ ಮೆಲ್ಲಗೆ, ‘ಸಾರ್, ರೆಡಿ ಅಂತ ಬಂದಿದೆ. ನಾನೇ ಏನೋ ತಪ್ಪು ಹೊಡೆದಿರಬೇಕು, ಅಲ್ವಾ?’ ಅಂದಳು. ಈ ಪತ್ರ ಬರೆಯಲು ಅರ್ಧ ಕಾರಣ ಆ ಮಾತು. ಯಂತ್ರ ಸರಿ ಇದೆ ಅಂತ ಯಂತ್ರವೇ ಹೇಳಿದ ಮೇಲೆ ಕಲಿಯುವವರು ಯಾರನ್ನು ಅನುಮಾನಿಸಬೇಕು?

ಸರಿ, ಎಲ್ಲಿ ಎಡವಿದೆ ನೋಡೋಣ ಅಂತ ಪರದೆಯನ್ನು ಮೇಲಕ್ಕೆ ಸರಿಸುತ್ತಾ ಹೋದೆ. ಸ್ಕ್ರಿಪ್ಟಿನ ಮಾಮೂಲಿ ಮಾತನ್ನು ವೇಗ್ರಂಟ್ ಹಸಿರಿನಲ್ಲಿ ತೋರಿಸುತ್ತೆ, ತಪ್ಪಿನ ಮಾತನ್ನು ಕೆಂಪಿನಲ್ಲಿ. ಒಂದೇ ಒಂದು ಕೆಂಪು ಸಾಲು ಸಿಗಲಿಲ್ಲ. ನಿಮ್ಮ ಸ್ಕ್ರಿಪ್ಟ್ ಬಿಚ್ಚಿ ಓದಿದಾಗ ಗೊತ್ತಾಯಿತು, ಸರ್ವರಿಗೆ ಸಾಫ್ಟ್‌ವೇರ್ ಪ್ಯಾಕೇಜು ತಂದು ಹಾಕುವ ಆಜ್ಞೆ ಯಮ್. ಆ ಯಮ್ ಇನ್‌ಸ್ಟಾಲ್ ಇರುವ ಪ್ರತಿ ಸಾಲಿನ ಕೊನೆಯಲ್ಲೂ ತಪ್ಪಿನ ಸಂದೇಶವನ್ನು ಡೆವ್ ನಲ್‌ಗೆ ತಿರುಗಿಸಿಟ್ಟಿದ್ದೀರಿ. ಅಂದರೆ ಏನೇ ಕೆಟ್ಟರೂ ಸದ್ದಿಲ್ಲದೆ ಗುಂಡಿಗೆ. ಕೊನೆಯ ಸಾಲಿನಲ್ಲಿ ಮಾತ್ರ ಬರೆದಿದ್ದನ್ನು ಪರದೆಗೆ ಒದರುವ ಒಂದು ಎಕೋ, ‘ಸರ್ವರ್ ರೆಡಿ’. ಮೇಲಿನದು ಆಯಿತೋ ಇಲ್ಲವೋ ಅಂತ ಅದು ಯಾರನ್ನೂ ಕೇಳುವುದಿಲ್ಲ.

ವೇಗ್ರಂಟ್ ಏಕೆ ಹಿಡಿಯಲಿಲ್ಲ ಅಂತ ನಿಮ್ಮವರು ಫೋನಿನಲ್ಲಿ ನನ್ನನ್ನೇ ಕೇಳಿದರು. ಉತ್ತರ ಸುಲಭ. ಸ್ಕ್ರಿಪ್ಟ್ ಮುಗಿಯುವಾಗ ಯಾವ ಸಂಖ್ಯೆ ಬಿಟ್ಟುಹೋಗುತ್ತೆ ಅನ್ನುವುದನ್ನಷ್ಟೇ ವೇಗ್ರಂಟ್ ನೋಡುವುದು. ಸೊನ್ನೆ ಬಂದರೆ ಪಾಸು, ಬೇರೆ ಏನು ಬಂದರೂ ಫೇಲು. ಸ್ಕ್ರಿಪ್ಟ್ ಓದಿ ಓಡಿಸುವ ಬ್ಯಾಷ್‌ನಲ್ಲಿ ಆ ಸಂಖ್ಯೆ ಕೊನೆಯ ಆಜ್ಞೆಯದು. ನಿಮ್ಮ ಕೊನೆಯ ಆಜ್ಞೆ ಎಕೋ. ಎಕೋ ಯಾವತ್ತಾದರೂ ಫೇಲ್ ಆಗುತ್ತಾ? ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್ ಮೈನಸ್ ಇ ಅಂತ ಒಂದು ಸಾಲು ಹಾಕಿದ್ದರೆ ಮೊದಲ ತಪ್ಪಿಗೇ ನಿಂತುಬಿಡುತ್ತಿತ್ತು. ನಾನು ನನ್ನ ವಿದ್ಯಾರ್ಥಿಗಳಿಗೆ ಎರಡನೇ ವಾರ ಹೇಳಿಕೊಡುವ ಪಾಠ ಇದು.

ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಹೆಂಚು ಕಾದಿದೆಯಾ ಅಂತ ನೀರು ಚಿಮುಕಿಸಿ, ಅದು ಚುಂಯ್ ಅಂದ ಮೇಲೇ ಹಿಟ್ಟು ಹುಯ್ಯುತ್ತಾರೆ. 18,000 ರೂಪಾಯಿಯ ಸ್ಕ್ರಿಪ್ಟ್ ಅಷ್ಟಾದರೂ ಮಾಡಬಾರದಾ?

ಆಮೇಲೆ ಸರ್ವರಿನ ಒಳಗೆ ಹೋಗಿ ಯಮ್ ಅನ್ನು ಕೈಯಾರೆ ಓಡಿಸಿದೆ. ಮಿರರ್‌ಲಿಸ್ಟ್ ಡಾಟ್ ಸೆಂಟ್‌ಒಎಸ್ ಡಾಟ್ ಆರ್ಗ್ ಅನ್ನುವ ವಿಳಾಸ ಸಿಗುತ್ತಿಲ್ಲ ಅಂತ ಬಂತು. ಸಿಗುವುದಾದರೂ ಹೇಗೆ? ನೀವು ಕೊಟ್ಟಿರುವ ಬಾಕ್ಸ್, ಅಂದರೆ ಯಂತ್ರದ ಸಿದ್ಧ ಅಚ್ಚು, ಸೆಂಟ್‌ಒಎಸ್ 7 ಅನ್ನುವ ಲಿನಕ್ಸ್‌ನದು. ಅದರ ಆಯಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಆ ವಿಳಾಸವನ್ನೂ ಮುಚ್ಚಿದರು, ಪ್ಯಾಕೇಜುಗಳನ್ನು ವಾಲ್ಟ್ ಅನ್ನುವ ಹಳೆಯ ಸಾಮಾನಿನ ಕೋಣೆಗೆ ಸಾಗಿಸಿದರು. ನಾನು ದುಡ್ಡು ಕಟ್ಟಿದ್ದು ಅದಾಗಿ ಹೆಚ್ಚುಕಡಿಮೆ ಒಂದು ವರ್ಷಕ್ಕೆ. ಅಷ್ಟು ದಿನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಹೊಸ ಪಿಸಿಯಲ್ಲಿ ಕಿಟ್ ಓಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ಸೆಂಟ್‌ಒಎಸ್ ಜಾಗಕ್ಕೆ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎರಡೂ 2021ರಲ್ಲೇ ಬಂದಿವೆ.

ಉಳಿದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಪಿಸಿಗಳಲ್ಲಿ ಇರುವುದು ಉಬುಂಟು ಲಿನಕ್ಸ್. ನಿಮ್ಮ ಶುರು ಮಾಡುವ ಸ್ಕ್ರಿಪ್ಟನ್ನು ಯಾರೋ ವಿಂಡೋಸ್‌ನಲ್ಲಿ ಬರೆದು ಹಾಗೇ ಕಳಿಸಿದ್ದಾರೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಅಂಟಿಸುವ ಕಾಣದ ಅಕ್ಷರದಿಂದ, ಬ್ಯಾಷ್ ಅನ್ನುವ ಹೆಸರಿನ ಪಕ್ಕ ಟೋಪಿ ಗುರುತು ಮತ್ತು ಎಂ ತೋರಿಸಿ, ಇಂಥ ಬ್ಯಾಷ್ ಇಲ್ಲ ಅಂತ ನಿಂತಿತು. ಆ ಅಕ್ಷರ ತೆಗೆಯುವ ಡಾಸ್ ಟು ಯೂನಿಕ್ಸ್ ಹಾಕಿ ಸರಿ ಮಾಡಿಕೊಂಡೆ. ಆಮೇಲೆ ಐಪಿ. ನೀವು ಬರೆದಿರುವುದು 192.168.33.10. ಲಿನಕ್ಸ್ ಪಿಸಿಗಳಲ್ಲಿ ವರ್ಚುವಲ್‌ಬಾಕ್ಸ್ 6.1.28ರಿಂದ ಈಚೆಗೆ, ಅಂದರೆ 2021ರ ಅಕ್ಟೋಬರ್‌ನಿಂದ, ನಾವಾಗಿ ಅನುಮತಿ ಬರೆದುಕೊಡದಿದ್ದರೆ 192.168.56.0ಯಿಂದ 192.168.63.255ರವರೆಗಿನ ವಿಳಾಸ ಮಾತ್ರ ಒಪ್ಪುತ್ತೆ. ಅದನ್ನೂ 56.10 ಅಂತ ತಿದ್ದಿದೆ. ಮೆಮೊರಿ ಇನ್ನೊಂದು. ‘8 ಜಿಬಿ ಧಾರಾಳ’ ಅಂದಿದ್ದಿರಿ. ಒಂದೊಂದು ಯಂತ್ರಕ್ಕೆ 2048 ಎಂಬಿ ಅಂದರೆ ಮೂರಕ್ಕೇ 6 ಜಿಬಿ ಹೋಯಿತು. ಮಿಕ್ಕ ಎರಡರಲ್ಲಿ ಉಬುಂಟು ಓಡಬೇಕಾ, ಬ್ರೌಸರ್ ಓಡಬೇಕಾ? ಮೌಸ್ ಕೂಡ ಅಳ್ಳಾಡದೆ ಕೂತಿತು. 1024ಕ್ಕೆ ಇಳಿಸಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾಲ್ಕು ಪಿಸಿಯ ಬಯಾಸ್‌ನಲ್ಲಿ, ಅಂದರೆ ಪಿಸಿಯ ಮೂಲ ಸೆಟ್ಟಿಂಗ್‌ನಲ್ಲಿ, ಒಳಗೆ ಬೇರೆ ಯಂತ್ರ ಓಡಿಸಲು ಬೇಕಾದ ವರ್ಚುವಲೈಸೇಶನ್ ಆಫ್ ಆಗಿತ್ತು. ಅದು ನನ್ನ ತಪ್ಪು, ನಿಮ್ಮದಲ್ಲ. ನಿಮ್ಮ ಪುಸ್ತಕದ ಮೂರನೇ ಪುಟದಲ್ಲೇ ಬರೆದಿದ್ದೀರಿ, ನಾನು ಓದಿರಲಿಲ್ಲ. ಹಾಗೇ ಇದನ್ನೂ ಗಮನಿಸಿ. ಬಯಾಸ್ ವಿಷಯವನ್ನು ವರ್ಚುವಲ್‌ಬಾಕ್ಸ್ ಮುಖಕ್ಕೆ ಹೊಡೆದಂತೆ ಹೇಳಿತು. ಐಪಿ ವಿಷಯವನ್ನು ವೇಗ್ರಂಟ್ ಹೇಳಿತು. ಬ್ಯಾಷ್ ಕೂಡ ತನಗೆ ಗೊತ್ತಾದಷ್ಟು ಹೇಳಿತು. ಇವೆಲ್ಲ ಪ್ರಾಕ್ಟಿಕಲ್‌ಗೆ ಮುಂಚೆ, ಶನಿವಾರ ಭಾನುವಾರ ಕೂತು ನಾನೊಬ್ಬನೇ ಬಗೆಹರಿಸಿಕೊಂಡವು, ಯಾಕೆಂದರೆ ತಪ್ಪು ಎಲ್ಲಿದೆ ಅಂತ ಕಾಣುತ್ತಿತ್ತು. ನನ್ನನ್ನು 12 ಮಕ್ಕಳ ಮುಂದೆ ಪೆಚ್ಚಾಗಿಸಿದ್ದು ಇನ್ಯಾವುದೂ ಅಲ್ಲ, ಆ ಹಸಿರು ಸಾಲು.

ಈಗ ನಿಮ್ಮ ಸಹಾಯ ವಿಭಾಗದ ಕಥೆ. ಜೂನ್ 10ಕ್ಕೆ ದೂರು ಹಾಕಿದೆ. ‘ಮೂರೂ ಸರ್ವರ್ ಆಫ್ ಮಾಡಿ ಆನ್ ಮಾಡಿ’ ಅಂತ ಉತ್ತರ ಬಂತು. ಸ್ವಾಮಿ, ಒಳಗಿನ ಸಾಮಾನು ಹಾಕುವ ಸ್ಕ್ರಿಪ್ಟನ್ನು ವೇಗ್ರಂಟ್ ಓಡಿಸುವುದು ಮೊದಲ ಸಲ ಎಬ್ಬಿಸುವಾಗ ಮಾತ್ರ. ಮತ್ತೆ ಓಡಬೇಕಾದರೆ ಪ್ರೊವಿಷನ್ ಅಂತ ಬೇರೆಯಾಗಿ ಹೇಳಬೇಕು. ಸುಮ್ನೆ ಆಫ್ ಮಾಡಿ ಆನ್ ಮಾಡಿದರೆ ಖಾಲಿ ಸರ್ವರ್ ಖಾಲಿಯಾಗಿಯೇ ಏಳುತ್ತೆ. ಹಾಗೆಂದು ಬರೆದೆ. ಎರಡು ದಿನ ಬಿಟ್ಟು ನಿಮ್ಮ ಎಂಜಿನಿಯರ್ ಒಬ್ಬರು ಫೋನ್ ಮಾಡಿ, ತಮ್ಮ ಪರದೆ ಹಂಚಿಕೊಂಡು, ‘ನೋಡಿ ಸಾರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡ್ತಿದೆ’ ಅಂದರು. ಓಡುತ್ತಿತ್ತು, ನಿಜ. ಪುಟ ಬಂತು. ಆ ಯಂತ್ರ ಎಬ್ಬಿಸಿದ್ದು ಯಾವಾಗ ಅಂತ ಕೇಳಿದೆ. ‘ಆಗಲೇ ಎರಡು ವರ್ಷ ಆಗಿರಬೇಕು’ ಅಂದರು. ಅಂದರೆ ಸೆಂಟ್‌ಒಎಸ್ ಬದುಕಿದ್ದಾಗ ಹಾಕಿಸಿಕೊಂಡಿದ್ದು ಹಾಗೇ ಉಳಿದಿದೆ. ‘ಒಂದ್ಸಲ ವೇಗ್ರಂಟ್ ಡಿಸ್ಟ್ರಾಯ್ ಕೊಟ್ಟು ಮತ್ತೆ ಅಪ್ ಕೊಡಿ, ಇಬ್ಬರೂ ಒಟ್ಟಿಗೇ ನೋಡೋಣ’ ಅಂದೆ, ಅಂದರೆ ಯಂತ್ರ ಕೆಡವಿ ಹೊಸದಾಗಿ ಎಬ್ಬಿಸಿ ಅಂತ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಈಗ ಒಂದು ಮೀಟಿಂಗ್ ಇದೆ ಸಾರ್, ಆಮೇಲೆ ಮಾಡ್ತೀನಿ.’ ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಆಮೇಲೆ ಇವತ್ತಿಗೂ ಬಂದಿಲ್ಲ.

ಜೂನ್ 20ಕ್ಕೆ ನಿಮ್ಮ ಪೋರ್ಟಲ್ ತೆಗೆದು ನೋಡಿದರೆ ನನ್ನ ದೂರಿನ ಮುಂದೆ ‘ಪರಿಹರಿಸಲಾಗಿದೆ’ ಅಂತಿತ್ತು. ಅದೂ ಹಸಿರು ಬಣ್ಣದಲ್ಲೇ.

ಬ್ಯಾಚ್ ಏನು ಮಾಡಿತು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ರಾತ್ರಿ ಕೂತು ಯಮ್‌ನ ವಿಳಾಸಗಳನ್ನು ವಾಲ್ಟ್ ಕಡೆಗೆ ತಿರುಗಿಸಿದೆ, ಡೆವ್ ನಲ್ ಕಿತ್ತುಹಾಕಿದೆ, ಸೆಟ್ ಮೈನಸ್ ಇ ಸೇರಿಸಿದೆ. 12 ಪಿಸಿಯೂ ಬಾಕ್ಸನ್ನು ಬೇರೆ ಬೇರೆಯಾಗಿ ಇಂಟರ್‌ನೆಟ್‌ನಿಂದ ಎಳೆಯುವುದು ಬೇಡ ಅಂತ ಒಂದು ಪಿಸಿಯಿಂದ ಪೆನ್ ಡ್ರೈವ್‌ಗೆ ಹಾಕಿ ಎಲ್ಲದಕ್ಕೂ ಸೇರಿಸಿದೆ. ಐದು ತರಗತಿ ಹಾಳಾದ ಮೇಲೆ ಪುಟ ಬಂತು. ಇದು ತೇಪೆ ಅಷ್ಟೇ. ವಾಲ್ಟ್‌ನಲ್ಲಿ ಇರುವುದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ನಾಳೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಸತ್ತ ಸಿಸ್ಟಂ ಮೇಲೆ ಕಲಿಸಿದೆ ಅಂತ ಹೇಳಿಕೊಳ್ಳಲು ನನಗೇ ಮುಜುಗರ.

ನನಗೆ ಬೇಕಾಗಿರುವುದು ಜಾಸ್ತಿ ಏನಿಲ್ಲ. ಕಿಟ್ ಅನ್ನು ಈಗ ಚಾಲ್ತಿಯಲ್ಲಿರುವ ರಾಕಿ ಅಥವಾ ಆಲ್ಮಾ ಮೇಲೆ ಮಾಡಿ ಕೊಡಿ. ಐಪಿ, ಮೆಮೊರಿ, ಸಾಲಿನ ಕೊನೆ ಮೂರನ್ನೂ ಸರಿಪಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಸರ್ವರ್ ರೆಡಿ’ ಅನ್ನುವ ಮುಂಚೆ ಸ್ಕ್ರಿಪ್ಟ್ ತಾನೇ ಪರೀಕ್ಷೆ ಮಾಡಲಿ. ಕರ್ಲ್ ಆಜ್ಞೆಯಿಂದ ಪುಟ ಕೇಳಿ, ‘ಸರಿಯಾಗಿದೆ’ ಅನ್ನುವ ಸಂಕೇತ 200 ಬಂತಾ, ಡೇಟಾಬೇಸ್ ಮಾತಾಡುತ್ತಿದೆಯಾ, ನೋಡಲಿ. ಇಲ್ಲದಿದ್ದರೆ ಕೆಂಪಿನಲ್ಲಿ ಇಂಥದ್ದು ಆಗಲಿಲ್ಲ ಅಂತ ಹೇಳಿ ನಿಲ್ಲಲಿ. ಸಹಾಯವೇ ಸಿಗದ ಸಹಾಯಕ್ಕೆ ಕಟ್ಟಿದ 6,000 ರೂಪಾಯಿ ವಾಪಸ್ ಮಾಡಿ. ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ.

ಇದಕ್ಕೆ 15 ದಿನ ಕಾಯುತ್ತೇನೆ, ಅಂದರೆ ಜುಲೈ 29ರವರೆಗೆ. ನಾನು ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನು. ಅಂಥವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಲೆಕ್ಕ ಹಿಡಿಯುತ್ತೆ. ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಲೂ ಅವಕಾಶ ಇದೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ.

ಬಿಲ್ಲಿನ ಪ್ರತಿ, ನನ್ನ ತಿದ್ದುಪಡಿ ಇರುವ ಸ್ಕ್ರಿಪ್ಟ್, ಜೂನ್ 9ರ ಪರದೆಯ ಫೋಟೋ ಲಗತ್ತಿಸಿದ್ದೇನೆ. ಮುಂದಿನ ಬ್ಯಾಚ್ ಆಗಸ್ಟ್ 4ಕ್ಕೆ ಶುರು. ಹೊಸ ಕಿಟ್ ಕಳಿಸುವ ಮುಂಚೆ ಆ ಎಂಜಿನಿಯರ್ ಲ್ಯಾಪ್‌ಟಾಪ್ ಬಿಟ್ಟು, 8 ಜಿಬಿಯ ಒಂದು ಖಾಲಿ ಉಬುಂಟು ಪಿಸಿಯಲ್ಲಿ ಒಮ್ಮೆ ಓಡಿಸಿ ನೋಡಿ. ಫೋನ್ ಮಾಡುವುದಾದರೆ ಮಧ್ಯಾಹ್ನ 2ರಿಂದ 4ರ ಒಳಗೆ ಮಾಡಿ, ಬೇರೆ ಹೊತ್ತಿನಲ್ಲಿ ತರಗತಿ ಇರುತ್ತೆ.

ಇಂತಿ ನಿಮ್ಮ ಗ್ರಾಹಕ,
ಕಂಪ್ಯೂಟರ್ ತರಬೇತಿ ಕೇಂದ್ರ, ವಿದ್ಯಾನಗರ, ದಾವಣಗೆರೆ