ಎಡಕ್ಕೆ ಹೋಗಬೇಕಾದರೆ ಎಡಗೈ ಮುಂದಕ್ಕೆ

ಲೀಡ್ಸ್, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನಗೆ ಲೈಸೆನ್ಸ್ ಸಿಕ್ಕಿತೆಂದು ಅಮ್ಮ ಹೇಳಿದರು. ಪರೀಕ್ಷೆಯಲ್ಲಿ ಕಾಲು ಊರದೆ ಬೈಕಿನಲ್ಲಿ 8ರ ಆಕಾರದ ಎಂಟು ಸುತ್ತಿದೆಯಂತೆ, ಭೇಷ್. ಆದರೆ ಆ ಎಂಟು ಕಲಿಸುವುದು ನಡಿಗೆಯ ವೇಗದ ಕಸರತ್ತನ್ನಷ್ಟೇ. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುವಾಗ ಬೇಕಾಗುವುದು ಬೇರೆ. ಫೋನಿನಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲವೆಂದು ಬರೆಯುತ್ತಿದ್ದೇನೆ.

ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಎತ್ತ ತಿರುಗಿಸಿದರೆ ಬೈಕು ಅತ್ತ. ಗಂಟೆಗೆ ಸುಮಾರು 20-25 ಕಿ.ಮೀ. ದಾಟಿತೋ, ಉಲ್ಟಾ. ಎಡಕ್ಕೆ ಹೋಗಬೇಕಾದರೆ ಎಡ ಹಿಡಿಯನ್ನು ಮುಂದಕ್ಕೆ ಒತ್ತಬೇಕು, ಅಂದರೆ ಚಕ್ರ ಕ್ಷಣಕಾಲ ಬಲಕ್ಕೆ ತಿರುಗಬೇಕು. ನಂಬಿಕೆ ಬರದಿದ್ದರೆ ಅಂಗೈ ಮೇಲೆ ಪೊರಕೆ ನಿಲ್ಲಿಸಿ ನೋಡು. ಅದನ್ನು ಎಡಕ್ಕೆ ವಾಲಿಸಬೇಕಾದರೆ ಅಂಗೈಯನ್ನು ಬಲಕ್ಕೆ ಸರಿಸುತ್ತೀಯ. ಇಲ್ಲೂ ಅಷ್ಟೇ: ಟೈರು ನೆಲಕ್ಕೆ ತಾಗುವ ಜಾಗ ಬಲಕ್ಕೆ ಸರಿಯಿತು, ಮೇಲಿನ ಭಾರ ಎಡಕ್ಕೆ ವಾಲಿತು, ವಾಲಿದ ಬೈಕು ಎಡಕ್ಕೆ ತಿರುಗಿತು. ಇದೇ ಕೌಂಟರ್‌ಸ್ಟಿಯರಿಂಗ್. ಸೈಕಲ್ ಬಿಡುವವರೆಲ್ಲ ಗೊತ್ತಿಲ್ಲದೆಯೇ ಮಾಡುತ್ತಾರೆ. ಆದರೆ ಗೊತ್ತಿಲ್ಲದ ಕೈ ಗಾಬರಿಯಲ್ಲಿ ಕೈಕೊಡುತ್ತದೆ. ಎದುರಿಗೆ ಲಾರಿ ಕಂಡಾಗ ಹ್ಯಾಂಡಲನ್ನು ಎಡಕ್ಕೆ ಎಳೆದರೆ ಬೈಕು ಬಲಕ್ಕೆ ವಾಲಿ ಲಾರಿಯ ಕಡೆಗೇ ಹೊರಳುತ್ತದೆ.

ಬ್ರಿಟನ್ನಿನ ಬೈಕ್ ಪರೀಕ್ಷೆಯ ಮೊದಲ ಭಾಗದಲ್ಲಿ ಗಂಟೆಗೆ ಕನಿಷ್ಠ 50 ಕಿ.ಮೀ. ವೇಗದಲ್ಲಿ ಬಂದು, ಅಡ್ಡಿಯೊಂದನ್ನು ಬಳಸಿ ಹೋಗಿ ನಿಲ್ಲಿಸಿ ತೋರಿಸಬೇಕು. ನಮ್ಮ ಎಂಟರ ಜೊತೆ ಇದೂ ಇರಬೇಕಿತ್ತು.

ಅಭ್ಯಾಸಕ್ಕೆ ಕಾಫಿ ಕಣ ಸಾಲದು. ಕೊಯ್ಲಿಗೆ ಮೊದಲು ಕಣ ಖಾಲಿಯಿರುವಾಗ ಅಲ್ಲಿ ಅರ್ಧ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕನ್ನು ತುಸು ಒತ್ತಿಕೊಂಡು ಯು-ಟರ್ನ್ ಕಲಿ, ಸಾಕು. ಹಿಡಿ ಒತ್ತಿ ವಾಲಿಸುವ ಅಭ್ಯಾಸಕ್ಕೆ ಒಣಗಿದ, ಯಾರೂ ಓಡಾಡದ, ಇನ್ನೂರು ಮೀಟರಿನಷ್ಟು ನೇರ ಜಾಗ ಬೇಕು. 30-35ರಲ್ಲಿ ಒಂದೇ ವೇಗ ಇಟ್ಟುಕೋ. ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಮೊಣಕೈ ಸಡಿಲವಿರಲಿ. ಎಡ ಅಂಗೈಯ ಬುಡದಿಂದ ಮೆಲ್ಲಗೆ ಮುಂದಕ್ಕೆ ಒತ್ತು, ಕೆಳಕ್ಕಲ್ಲ. ಬೈಕು ವಾಲಿದ ಕೂಡಲೇ ಬಿಡು, ಆಮೇಲೆ ಬಲ. ಒತ್ತಿದರೂ ಬೈಕು ಅಲುಗದಿದ್ದರೆ ಇನ್ನೊಂದು ಕೈ ಹಿಡಿಯನ್ನು ಬಿಗಿಹಿಡಿದು ತಡೆಯುತ್ತಿದೆ ಎಂದರ್ಥ. ಹೆಚ್ಚಿನವರ ತೊಂದರೆ ಇದೇ. ಕೈ ಪಳಗಿದ ಮೇಲೆ 12 ಮೀಟರಿಗೊಂದರಂತೆ ಸುಣ್ಣದ ಗುರುತು ಹಾಕಿ ಹಾವಿನಂತೆ ಸುತ್ತಿ ಹೋಗು. ಕಲ್ಲಿಡಬೇಡ ಮಾರಾಯ್ತಿ.

ಘಾಟಿಯಲ್ಲಿ ಬ್ರೇಕಿನ ಕೆಲಸ ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಮುಗಿಯಲಿ. ಗೇರೂ ಆಗಲೇ ಇಳಿಸು. ಕಣ್ಣು ತಿರುವಿನಾಚೆ ಹೋಗಲಿ. ಗುಂಡಿಯನ್ನೇ ದಿಟ್ಟಿಸಿದರೆ ಬೈಕು ಗುಂಡಿಗೇ ಇಳಿಯುತ್ತದೆ. ಒತ್ತಿ ವಾಲಿಸಿದ ಮೇಲೆ ಆಕ್ಸಿಲರೇಟರ್ ಒಂದೇ ಹದದಲ್ಲಿರಲಿ. ಬಲ ತಿರುವಿನಲ್ಲಿ ವಾಲಿದ ನಿನ್ನ ತಲೆ ನಡುಗೆರೆ ದಾಟಬಾರದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವವರಿದ್ದಾರೆ, ನೀನು ಆ ಸಾಲಿಗೆ ಸೇರಬೇಡ. ಎಂಜಿನ್ನಿನ ತಡೆ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬಿಸಿಯಾದ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ.

ವೇಗ ಎರಡು ಪಟ್ಟಾದರೆ ಅದೇ ತಿರುವಿಗೆ ಟೈರಿನ ಹಿಡಿತ ನಾಲ್ಕು ಪಟ್ಟು ಬೇಕು. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಅಷ್ಟು ಹಿಡಿತ ಎಲ್ಲಿಂದ ಬರಬೇಕು? ಮರದ ನೆರಳಲ್ಲಿ ಪಾಚಿ, ತೋಟದ ಗೇಟಿನೆದುರು ಟ್ರ್ಯಾಕ್ಟರ್ ತಂದ ಕೆಸರು, ಕೊಳೆತ ಎಲೆ. ಆಗ ವೇಗ ಇಳಿಸಿ ಕಡಿಮೆ ವಾಲು, ಒತ್ತುವುದನ್ನೂ ಮೆಲ್ಲಗೆ ಮಾಡು. ಥಟ್ಟನೆ ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ. ನಿನ್ನ ಬೈಕಿನ ಎಬಿಎಸ್ (ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಸಿಂಗಲ್ ಚಾನೆಲ್ ಆದರೆ ಅದು ಕಾಯುವುದು ಮುಂದಿನ ಚಕ್ರವನ್ನು ಮಾತ್ರ, ಅದೂ ಬ್ರೇಕ್ ಹಾಕಿದಾಗ.

ಹ್ಯಾಂಡಲ್ ಭಾರ ಅನ್ನಿಸಿದರೆ ಮೊದಲು ಮುಂದಿನ ಟೈರಿನ ಗಾಳಿ ನೋಡು, ಬೆಳಿಗ್ಗೆ ಟೈರು ತಣ್ಣಗಿರುವಾಗ. ಗಾಳಿ ಸರಿಯಿದ್ದೂ ಭಾರವೆನಿಸಿದರೆ ಸ್ಟಿಯರಿಂಗ್ ಬೇರಿಂಗ್ ತೋರಿಸು.

ಅಜ್ಜಿಗೆ ನಮಸ್ಕಾರ ಹೇಳು. ಅಪ್ಪನಿಗೂ ಈ ಪತ್ರ ಓದಿಸು. ನಂಬುವುದಿಲ್ಲ, ಪೊರಕೆ ಕೈಗೆ ಕೊಡು.

ನಿನ್ನ ಅಣ್ಣ