ಫಾರ್ಮ್ಯಾಟ್ ಮಾಡಿಸುವ ಮುನ್ನ ಮೇಲ್ ಎಲ್ಲಿದೆ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರ್ ಇರುವವರು ವಿಂಡೋಸ್ 11 ಹಾಕಿಸುತ್ತಿದ್ದಾರೆ, ಅದು ಕೂರದ ಯಂತ್ರಗಳಿಗೆ ಲಿನಕ್ಸ್ ಹಾಕಿಸುತ್ತಿದ್ದಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವುದಿಷ್ಟು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕು ಫೋಲ್ಡರ್ ಪೆನ್‌ಡ್ರೈವ್‌ಗೆ ಹೋಗುತ್ತವೆ, ಸಿ ಡ್ರೈವ್ ಫಾರ್ಮ್ಯಾಟ್ ಆಗುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂ ಬಳಸುವವರ ಮೇಲ್‌ಗಳು ಈ ನಾಲ್ಕರಲ್ಲಿ ಯಾವುದರಲ್ಲೂ ಇರುವುದಿಲ್ಲ. ಹತ್ತು ವರ್ಷದ ಪತ್ರವ್ಯವಹಾರ ಹೋಗಿದೆ ಎಂದು ಗೊತ್ತಾಗುವುದು ಮನೆಗೆ ಬಂದು ಮೇಲ್ ತೆರೆದಾಗ. ಹಾರ್ಡ್ ಡಿಸ್ಕ್ ಆಗಿದ್ದರೆ ರಿಕವರಿಯ ಆಸೆ ಸ್ವಲ್ಪ ಉಳಿದಿರುತ್ತದೆ. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುವುದರಿಂದ ಆ ಆಸೆಯೂ ಇರುವುದಿಲ್ಲ ಎನ್ನಬಹುದು. ಇದನ್ನು ತಪ್ಪಿಸಲು ಬೇಕಾದ ವಿವರಗಳನ್ನು ತಮ್ಮ ಓದುಗರಿಗೆ ತಿಳಿಸಲು ಈ ಪತ್ರ.

'ಮೇಲ್ ಎಲ್ಲಾ ಇಂಟರ್ನೆಟ್‌ನಲ್ಲೇ ಇರುತ್ತದಲ್ಲ' ಎನ್ನುವವರಿಗೆ ಮೊದಲು ಒಂದು ಮಾತು. ಐಮ್ಯಾಪ್, ಪಾಪ್ ಎಂಬುವು ಕಂಪ್ಯೂಟರ್‌ಗೆ ಮೇಲ್ ತರುವ ಎರಡು ವಿಧಾನ. ಖಾತೆ ಐಮ್ಯಾಪ್ ಆಗಿದ್ದರೆ ಆ ಮಾತು ನಿಜ, ಮೂಲ ಸರ್ವರ್‌ನಲ್ಲಿದೆ, ಕಂಪ್ಯೂಟರ್‌ನಲ್ಲಿರುವುದು ನಕಲು. ಪಾಪ್ ಆಗಿದ್ದರೆ ನಿಜವಲ್ಲ. ಸ್ವಂತ ಡೊಮೇನ್‌ನ ಮೇಲ್ ಇಟ್ಟುಕೊಂಡ ಸಣ್ಣ ಕಚೇರಿ, ಪ್ರೆಸ್, ಆಡಿಟರ್‌ಗಳ ಕಡೆ ಸರ್ವರ್‌ನಲ್ಲಿ ಜಾಗ ಕಡಿಮೆ. ಅದಕ್ಕೇ ಪಾಪ್ ಹಾಕಿ ಮೇಲ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಸರ್ವರ್‌ನಿಂದ ಅಳಿಸುತ್ತಿರುತ್ತಾರೆ. ಅಂಥವರಿಗೆ ಆ ಕಂಪ್ಯೂಟರ್‌ನಲ್ಲಿರುವುದೇ ಏಕೈಕ ಪ್ರತಿ. ಐಮ್ಯಾಪ್ ಬಳಸುವವರೂ 'ಲೋಕಲ್ ಫೋಲ್ಡರ್ಸ್' ಅಡಿಯಲ್ಲಿ ಹಳೆಯ ಮೇಲ್ ಸರಿಸಿಟ್ಟಿದ್ದರೆ ಅವೂ ಕಂಪ್ಯೂಟರ್‌ನಲ್ಲಿ ಮಾತ್ರ ಇರುತ್ತವೆ.

ಹಾಗಾದರೆ ಎಲ್ಲಿ? ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ರನ್ ಪೆಟ್ಟಿಗೆ ಬರುತ್ತದೆ. ಅಲ್ಲಿ ಶೇಕಡಾ ಚಿಹ್ನೆ, ಆಪ್‌ಡೇಟಾ, ಮತ್ತೆ ಶೇಕಡಾ ಚಿಹ್ನೆ, ಮೂರನ್ನೂ ಜಾಗ ಬಿಡದೆ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ರೋಮಿಂಗ್ ಎಂಬ ಫೋಲ್ಡರ್ ತೆರೆಯುತ್ತದೆ. ಆಪ್‌ಡೇಟಾ ಅಡಗಿಸಿಟ್ಟ ಫೋಲ್ಡರ್ ಆದ್ದರಿಂದ ಸುಮ್ಮನೆ ಹುಡುಕಿದರೆ ಕಾಣುವುದಿಲ್ಲ. ರೋಮಿಂಗ್ ಒಳಗಿನ ಥಂಡರ್‌ಬರ್ಡ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಬೇಕು. ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಪ್‌ಡೇಟಾದ 'ಲೋಕಲ್' ಒಳಗೂ ಇದೆ, ಅಲ್ಲಿರುವುದು ಬರೀ ಕ್ಯಾಶೆ, ಎಂದರೆ ತಾತ್ಕಾಲಿಕ ಫೈಲುಗಳು. ಅದನ್ನು ಎತ್ತಿಟ್ಟುಕೊಂಡು ಬ್ಯಾಕಪ್ ಆಯಿತು ಎಂದುಕೊಳ್ಳುವ ತಪ್ಪು ಮತ್ತೆ ಮತ್ತೆ ಆಗುತ್ತದೆ.

ನಕಲು ಮಾಡುವಾಗ ಥಂಡರ್‌ಬರ್ಡ್ ಮುಚ್ಚಿರಲೇಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ಅದು ಹಿನ್ನೆಲೆಯಲ್ಲೂ ಓಡುತ್ತಿಲ್ಲ ಎಂದು ನೋಡಿಕೊಳ್ಳಿ. ವಿಳಾಸಪುಸ್ತಕ, ಕ್ಯಾಲೆಂಡರ್ ಎರಡೂ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಫೈಲುಗಳು. ಬರೆಯುತ್ತಿರುವಾಗಲೇ ನಕಲಾದರೆ ಅರ್ಧಂಬರ್ಧ ಬರುತ್ತವೆ.

ಪೆನ್‌ಡ್ರೈವ್‌ನದೇ ಒಂದು ತೊಡಕಿದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಮೇಲ್ ಫೋಲ್ಡರಿನ ಎಲ್ಲ ಪತ್ರಗಳನ್ನೂ ಒಂದೇ ಫೈಲಿನಲ್ಲಿ ಇಡುತ್ತದೆ. ಇನ್‌ಬಾಕ್ಸ್ ಎಂದರೆ ಬಾಲದ ಹೆಸರಿಲ್ಲದ, ಇನ್‌ಬಾಕ್ಸ್ ಎಂದೇ ಹೆಸರಿರುವ ಒಂದು ದೊಡ್ಡ ಫೈಲ್. ಪೆನ್‌ಡ್ರೈವ್ ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ನಡುವೆ ಬರುವ ಸೂಚನೆಗೆ 'ಸ್ಕಿಪ್' ಒತ್ತಿದರೆ ಉಳಿದೆಲ್ಲವೂ ಬರುತ್ತದೆ, ಮುಖ್ಯವಾದ ಇನ್‌ಬಾಕ್ಸ್ ಒಂದೇ ಬಿಟ್ಟುಹೋಗಿರುತ್ತದೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿಟ್ಟುಕೊಳ್ಳಿ. ನಕಲಾದ ಮೇಲೆ ಎರಡೂ ಕಡೆಯ ಫೋಲ್ಡರಿಗೆ ಪ್ರಾಪರ್ಟೀಸ್ ಒತ್ತಿ ಬೈಟ್ ಲೆಕ್ಕ ಮತ್ತು ಫೈಲ್‌ಗಳ ಸಂಖ್ಯೆ ಹೋಲಿಸಿ ನೋಡಿ. ಎರಡು ನಿಮಿಷದ ಈ ಕೆಲಸವನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇವೆ.

ಥಂಡರ್‌ಬರ್ಡ್‌ನ ಟೂಲ್ಸ್ ಮೆನುವಿನಲ್ಲೇ ಎಕ್ಸ್‌ಪೋರ್ಟ್ ಇದೆಯಲ್ಲ ಎಂದು ಕೇಳಬಹುದು. ಇದೆ, ಜಿಪ್ ಮಾಡಿಕೊಡುತ್ತದೆ, ಆದರೆ ಅದು 2 ಜಿಬಿಯೊಳಗಿನ ಪ್ರೊಫೈಲಿಗೆ (ಮೇಲ್, ವಿಳಾಸ, ಸೆಟ್ಟಿಂಗ್ಸ್ ಎಲ್ಲ ಇರುವ ಫೋಲ್ಡರಿಗೆ) ಮಾತ್ರ. ಅದಕ್ಕಿಂತ ದೊಡ್ಡದಾದರೆ ಕೈಯಾರೆ ನಕಲು ಮಾಡುವುದೇ ದಾರಿ. ವಿಳಾಸಪುಸ್ತಕವನ್ನು ಬೇರೆಯಾಗಿ ಸಿಎಸ್‌ವಿ ಎಂಬ ಪಟ್ಟಿಯ ಫೈಲ್ ಮಾಡಿಕೊಳ್ಳುವವರು ಯುಟಿಎಫ್-8 ಎಂದಿರುವ ಆಯ್ಕೆಯನ್ನೇ ಒತ್ತಬೇಕು. 'ಸಿಸ್ಟಮ್ ಕ್ಯಾರೆಕ್ಟರ್ ಸೆಟ್' ಎಂದಿರುವುದನ್ನು ಒತ್ತಿದರೆ ಕನ್ನಡದಲ್ಲಿ ಬರೆದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಅವನ್ನು ಮತ್ತೆ ಅಕ್ಷರ ಮಾಡಲು ಬರುವುದಿಲ್ಲ.

ಮೇಲ್‌ಗಳನ್ನು ಡಿ ಡ್ರೈವ್‌ನಲ್ಲಿ ಇಟ್ಟುಕೊಂಡವರೂ ಇದ್ದಾರೆ. ಖಾತೆಯ ಸರ್ವರ್ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ 'ಲೋಕಲ್ ಡೈರೆಕ್ಟರಿ' ಎಂದಿರುವಲ್ಲಿ ಯಾವ ಜಾಗ ಇದೆ ಎಂದು ಪ್ರತಿ ಖಾತೆಗೂ ನೋಡಿ. ಅದು ಪ್ರೊಫೈಲಿನ ಹೊರಗಿದ್ದರೆ ಆ ಫೋಲ್ಡರನ್ನೂ ಬೇರೆಯಾಗಿ ಎತ್ತಿಡಬೇಕು.

ಇನ್ನು ಮರಳಿ ಹಾಕುವ ಕೆಲಸ. ಇಲ್ಲಿ ಅನುಕ್ರಮ ಮುಖ್ಯ. ಹೊಸ ವಿಂಡೋಸ್‌ನಲ್ಲಿ ಥಂಡರ್‌ಬರ್ಡ್ ಹಾಕಿ, ತೆರೆಯಬೇಡಿ. ತೆರೆದುಬಿಟ್ಟರೆ ಹೊಸ ಖಾತೆ ಕೇಳುವ ಪರದೆ ಬರುತ್ತದೆ, ಅದನ್ನು ತುಂಬದೆ ಮುಚ್ಚಿ. ಪಾಪ್ ಖಾತೆಯನ್ನು ಆತುರದಲ್ಲಿ ಹೊಸದಾಗಿ ಮಾಡಿಕೊಂಡರೆ ಸರ್ವರ್‌ನಲ್ಲಿ ಉಳಿದಿದ್ದ ಇತ್ತೀಚಿನ ಮೇಲ್‌ಗಳೆಲ್ಲ ಆ ಹೊಸ ಪ್ರೊಫೈಲಿಗೆ ಇಳಿಯುತ್ತವೆ, ಆಮೇಲೆ ಹಳೆಯದನ್ನೂ ಹೊಸದನ್ನೂ ಬೆರೆಸುವ ಕೆಲಸ ಬೀಳುತ್ತದೆ. ರೋಮಿಂಗ್ ಒಳಗೆ ಹೊಸದಾಗಿ ಹುಟ್ಟಿರುವ ಥಂಡರ್‌ಬರ್ಡ್ ಫೋಲ್ಡರ್ ಇದ್ದರೆ ಅದರ ಹೆಸರು ಬದಲಿಸಿ, ಬ್ಯಾಕಪ್‌ನ ಫೋಲ್ಡರನ್ನು ಅದರ ಜಾಗದಲ್ಲಿ ಇಡಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಳಕೆದಾರರ ಫೋಲ್ಡರಿಗೆ ಮೇಲ್ ವಿಳಾಸದ ಮೊದಲ ಐದು ಅಕ್ಷರಗಳ ಹೆಸರು ಬರುತ್ತದೆ. ಹಳೆಯ ಹೆಸರಿಗೂ ಇದಕ್ಕೂ ವ್ಯತ್ಯಾಸವಾದರೆ ಗಾಬರಿ ಬೇಡ. ಪ್ರೊಫೈಲ್ಸ್ ಡಾಟ್ ಐಎನ್‌ಐ ಫೈಲಿನಲ್ಲಿ ದಾರಿ ಸಾಮಾನ್ಯವಾಗಿ ಸಾಪೇಕ್ಷವಾಗಿ ಬರೆದಿರುತ್ತದೆ, ಫೋಲ್ಡರ್ ಎಲ್ಲಿದೆಯೋ ಅಲ್ಲಿಂದಲೇ ಹುಡುಕಿಕೊಳ್ಳುತ್ತದೆ.

ಎಲ್ಲ ಸರಿ ಇಟ್ಟರೂ ಖಾಲಿ ಕಿಟಕಿ ತೆರೆಯುವುದುಂಟು. ಮೇಲ್ ಹೋಯಿತು ಎಂದು ಅಲ್ಲೇ ಕೈಬಿಡುವವರು ಬಹಳ. ಹೋಗಿರುವುದಿಲ್ಲ. ಥಂಡರ್‌ಬರ್ಡ್ ಪ್ರತಿ ಇನ್‌ಸ್ಟಾಲೇಷನ್‌ಗೂ ಒಂದು ಪ್ರೊಫೈಲ್ ಗಂಟು ಹಾಕುತ್ತದೆ. ಮೊದಲು 32 ಬಿಟ್ ಆವೃತ್ತಿ ಇದ್ದು ಈಗ 64 ಬಿಟ್ ಹಾಕಿದರೆ ಇನ್‌ಸ್ಟಾಲ್ ಆದ ಜಾಗ ಬದಲಾಗಿ, ಅದು ತನಗೆಂದು ಹೊಸ ಖಾಲಿ ಪ್ರೊಫೈಲ್ ಮಾಡಿಕೊಳ್ಳಬಹುದು. ರನ್ ಪೆಟ್ಟಿಗೆಯಲ್ಲಿ ಥಂಡರ್‌ಬರ್ಡ್ ಎಂದು ಇಂಗ್ಲಿಷ್‌ನಲ್ಲಿ ಹೊಡೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಪಿ ಹಾಕಿ ಎಂಟರ್ ಒತ್ತಿದರೆ ಪ್ರೊಫೈಲ್‌ಗಳ ಪಟ್ಟಿ ಬರುತ್ತದೆ. ಹಳೆಯದನ್ನು ಆರಿಸಿ ಪ್ರಾರಂಭಿಸಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಹೊಸ ಪ್ರೊಫೈಲ್ ಸೃಷ್ಟಿಸುವಾಗ 'ಚೂಸ್ ಫೋಲ್ಡರ್' ಒತ್ತಿ ಹಳೆಯ ಫೋಲ್ಡರನ್ನೇ ತೋರಿಸಿ.

'ಹಳೆಯ ಆವೃತ್ತಿಯನ್ನು ತೆರೆದಿದ್ದೀರಿ' ಎಂಬ ಅರ್ಥದ ಎಚ್ಚರಿಕೆ ಬಂದರೆ, ಬ್ಯಾಕಪ್ ತೆಗೆದ ಥಂಡರ್‌ಬರ್ಡ್‌ಗಿಂತ ಈಗ ಹಾಕಿರುವುದು ಹಿಂದಿನದು ಎಂದರ್ಥ. ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎಂದು ಅದು ಕೇಳುತ್ತದೆ, ಒಪ್ಪಬೇಡಿ. ಹೊರಬಂದು ಹೊಸ ಆವೃತ್ತಿ ಹಾಕಿ ಮತ್ತೆ ತೆರೆಯಿರಿ.

ಇದೆಲ್ಲಕ್ಕಿಂತ ಅಪಾಯದ ಜಾಗ ಐಮ್ಯಾಪ್. ಸರ್ವರ್‌ನಲ್ಲಿ ಮೇಲ್‌ಗಳು ಯಾವುದೋ ಕಾರಣಕ್ಕೆ ಅಳಿದುಹೋಗಿವೆ, ಬ್ಯಾಕಪ್‌ನಲ್ಲಿ ಇವೆ ಎನ್ನಿ. ಆ ಬ್ಯಾಕಪ್ ಹಾಕಿ ಇಂಟರ್ನೆಟ್ ಇರುವಾಗಲೇ ಥಂಡರ್‌ಬರ್ಡ್ ತೆರೆದರೆ ಅದು ಸರ್ವರ್ ಜೊತೆ ತಾಳೆ ನೋಡಿ, ಅಲ್ಲಿಲ್ಲದ್ದನ್ನು ಇಲ್ಲಿಂದಲೂ ತೆಗೆದುಹಾಕುತ್ತದೆ. ಅದರ ಪ್ರಕಾರ ಸರ್ವರ್ ಹೇಳಿದ್ದೇ ಸರಿ. ಆದ್ದರಿಂದ ಮೊದಲ ಸಲ ತೆರೆಯುವಾಗ ವೈಫೈ ಆಫ್ ಮಾಡಿ, ಕೇಬಲ್ ಕಳಚಿ. ಬೇಕಾದ ಪತ್ರಗಳನ್ನೆಲ್ಲ ಆರಿಸಿ ಲೋಕಲ್ ಫೋಲ್ಡರ್ಸ್ ಅಡಿಯ ಒಂದು ಫೋಲ್ಡರಿಗೆ ನಕಲು ಮಾಡಿ, ಆಮೇಲೆ ಸಂಪರ್ಕ ಕೊಡಿ. ಪತ್ರದ ಒಡಲು ಕಂಪ್ಯೂಟರ್‌ಗೆ ಇಳಿದಿದ್ದರೆ ಮಾತ್ರ ಇದು ಸಾಧ್ಯ. ಶೀರ್ಷಿಕೆ ಮಾತ್ರ ಇಳಿದಿದ್ದರೆ ಉಳಿಸಲು ಅಲ್ಲಿ ಏನೂ ಇರುವುದಿಲ್ಲ.

ಪಾಪ್‌ನಲ್ಲಿ ಬರುವ ತೊಂದರೆ ಬೇರೆ: ಒಂದೇ ಮೇಲ್ ಎರಡೆರಡು ಬರುವುದು. ಯಾವ ಪತ್ರ ಆಗಲೇ ಇಳಿಸಿಯಾಗಿದೆ ಎಂಬ ಲೆಕ್ಕ ಪಾಪ್‌ಸ್ಟೇಟ್ ಡಾಟ್ ಡ್ಯಾಟ್ ಎಂಬ ಸಣ್ಣ ಫೈಲಿನಲ್ಲಿರುತ್ತದೆ. ಮೇಲ್ ಫೈಲುಗಳನ್ನು ಮಾತ್ರ ಆಯ್ದು ತಂದು ಇದನ್ನು ಬಿಟ್ಟರೆ ಸರ್ವರ್‌ನಲ್ಲಿ ಉಳಿದಿರುವುದೆಲ್ಲ ಮತ್ತೆ ಇಳಿಯುತ್ತದೆ. ಫೋಲ್ಡರ್ ಇಡಿಯಾಗಿ ತನ್ನಿ ಎನ್ನುವುದು ಇದಕ್ಕೇ. ಎಂಎಸ್‌ಎಫ್ ಎಂದು ಕೊನೆಯಾಗುವ ಫೈಲುಗಳು ಮಾತ್ರ ಇಲ್ಲದಿದ್ದರೂ ನಡೆಯುತ್ತದೆ, ಅವು ಸೂಚಿಗಳು. ಮೇಲ್ ಫೈಲ್ ದೊಡ್ಡದಿದ್ದೂ ಪಟ್ಟಿ ಖಾಲಿ ಕಂಡರೆ ಫೋಲ್ಡರ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, 'ರಿಪೇರ್ ಫೋಲ್ಡರ್' ಒತ್ತಿದರೆ ಸೂಚಿ ಹೊಸದಾಗಿ ಕಟ್ಟಿಕೊಳ್ಳುತ್ತದೆ.

ಪಾಸ್‌ವರ್ಡ್‌ಗಳು ಲಾಗಿನ್ಸ್ ಡಾಟ್ ಜೇಸನ್‌ನಲ್ಲಿ, ಅವನ್ನು ಬಿಚ್ಚುವ ಕೀಲಿ ಕೀ4 ಡಾಟ್ ಡಿಬಿಯಲ್ಲಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ. ಎರಡೂ ಒಟ್ಟಿಗಿದ್ದು, ಅವಕ್ಕೆ ಬೀಗದಂತಿರುವ ಪ್ರೈಮರಿ ಪಾಸ್‌ವರ್ಡ್ ಹಾಕಿರದಿದ್ದರೆ ಆ ಪೆನ್‌ಡ್ರೈವ್ ಸಿಕ್ಕ ಯಾರು ಬೇಕಾದರೂ ನಿಮ್ಮ ಪಾಸ್‌ವರ್ಡ್‌ಗಳನ್ನು ಓದಬಹುದು. ಅಂಗಡಿಗೆ ಕೊಡುವ ಮೊದಲು ಸೆಟ್ಟಿಂಗ್ಸ್‌ನ 'ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ'ಯಲ್ಲಿ ಪ್ರೈಮರಿ ಪಾಸ್‌ವರ್ಡ್ ಹಾಕಿ, ಮರೆಯದಂತೆ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಅಂಗಡಿಯ ಕಂಪ್ಯೂಟರ್‌ನಲ್ಲಿರುವ ನಕಲನ್ನು ನಿಮ್ಮ ಎದುರಿಗೇ ಅಳಿಸಿಸಿ. ಜಿಮೇಲ್ ಖಾತೆ ಮರಳಿ ಬಂದ ಮೇಲೆ ಗೂಗಲ್‌ನ ಲಾಗಿನ್ ಕಿಟಕಿ ಮತ್ತೆ ಬರಬಹುದು. ವೈಯಕ್ತಿಕ ಜಿಮೇಲ್‌ನಲ್ಲಿ ಬರೀ ಪಾಸ್‌ವರ್ಡ್ ಕೊಟ್ಟು ಒಳಹೋಗುವ ವ್ಯವಸ್ಥೆ 2022ರ ಮೇ 30ಕ್ಕೇ ನಿಂತಿತು. ಖಾತೆಯ ದೃಢೀಕರಣ ವಿಧಾನ ಓಆಥ್2 ಎಂದಿರಬೇಕು, ಥಂಡರ್‌ಬರ್ಡ್‌ನಲ್ಲಿ ಕುಕೀಗಳಿಗೆ ಅನುಮತಿ ಇರಬೇಕು.

ಆ್ಯಂಟಿವೈರಸ್ ಬಗ್ಗೆಯೂ ಎಚ್ಚರ ಬೇಕು. ಇನ್‌ಬಾಕ್ಸ್ ಒಂದೇ ಫೈಲ್ ಆದ್ದರಿಂದ ಎಂದೋ ಬಂದ ಒಂದು ಕೆಟ್ಟ ಅಟ್ಯಾಚ್‌ಮೆಂಟ್ ಕಂಡರೂ ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ಕ್ವಾರಂಟೈನ್‌ಗೆ, ಎಂದರೆ ಬೇರೆಯಾಗಿ ಕೂಡಿಡುವ ಜಾಗಕ್ಕೆ, ತಳ್ಳಬಹುದು. ನಕಲಾದ ಮೇಲೆ ಇನ್‌ಬಾಕ್ಸ್ ಫೈಲ್ ಕಾಣದಿದ್ದರೆ ಮೊದಲು ಆ್ಯಂಟಿವೈರಸ್‌ನ ಕ್ವಾರಂಟೈನ್ ಪಟ್ಟಿ ನೋಡಿ.

ಲಿನಕ್ಸ್‌ಗೆ ಹೋಗುವವರಿಗೆ: ಇದೇ ಪ್ರೊಫೈಲ್ ಅಲ್ಲೂ ನಡೆಯುತ್ತದೆ, ಇಡುವ ಜಾಗ ಬೇರೆ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಥಂಡರ್‌ಬರ್ಡ್ ಫೋಲ್ಡರ್ ಕಾಣುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ರಲ್ಲಿ ಥಂಡರ್‌ಬರ್ಡ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವುದರಿಂದ ಅದು ಹೋಮ್‌ನ ಸ್ನ್ಯಾಪ್, ಥಂಡರ್‌ಬರ್ಡ್, ಕಾಮನ್ ಫೋಲ್ಡರುಗಳ ಒಳಗಿರುತ್ತದೆ. ಹಳೆಯ ಜಾಗದಲ್ಲಿ ಹಾಕಿ 'ಬರುತ್ತಿಲ್ಲ' ಎನ್ನುವವರು ಇದನ್ನು ನೋಡಿಕೊಳ್ಳಿ. ಅಡ್ಮಿನ್ ಅಧಿಕಾರದಲ್ಲಿ ನಕಲು ಮಾಡಿದರೆ ಫೈಲುಗಳ ಒಡೆತನ ರೂಟ್ ಎಂಬ ಅಡ್ಮಿನ್ ಹೆಸರಿಗೆ ಹೋಗುತ್ತದೆ. ಆಗ 'ಥಂಡರ್‌ಬರ್ಡ್ ಆಗಲೇ ಓಡುತ್ತಿದೆ, ಪ್ರತಿಕ್ರಿಯಿಸುತ್ತಿಲ್ಲ' ಎಂಬ ದಾರಿ ತಪ್ಪಿಸುವ ಸಂದೇಶ ಬರುತ್ತದೆ. ಓಡುತ್ತಿರುವುದಿಲ್ಲ, ಬರೆಯಲು ಅನುಮತಿ ಇರುವುದಿಲ್ಲ ಅಷ್ಟೇ. ಒಡೆತನವನ್ನು ನಿಮ್ಮ ಹೆಸರಿಗೆ ಬದಲಿಸಿದರೆ ಸರಿಹೋಗುತ್ತದೆ.

ಔಟ್‌ಲುಕ್ ಬಳಸುವವರು, ಹಳೆಯ ಬಗೆಯದಾದರೆ, ಮೇಲ್‌ಗಳಿರುವ ಪಿಎಸ್‌ಟಿ ಫೈಲನ್ನು ಹುಡುಕಿ ಇಟ್ಟುಕೊಳ್ಳಬೇಕು. 2010ರ ಆವೃತ್ತಿಯಿಂದ ಈಚೆಗೆ ಅದು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ 'ಔಟ್‌ಲುಕ್ ಫೈಲ್ಸ್'ನಲ್ಲಿರುತ್ತದೆ, ಅದಕ್ಕೂ ಹಿಂದಿನದಾದರೆ ಆಪ್‌ಡೇಟಾದ ಲೋಕಲ್‌ನಲ್ಲಿ. ಒಎಸ್‌ಟಿ ಎಂದಿರುವ ಫೈಲನ್ನು ಎತ್ತಿಟ್ಟು ಫಲವಿಲ್ಲ. ಅದು ಸರ್ವರ್‌ನ ಕ್ಯಾಶೆ, ಹೊಸ ಇನ್‌ಸ್ಟಾಲೇಷನ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ಸಹಿಗಳು ರೋಮಿಂಗ್‌ನ ಮೈಕ್ರೋಸಾಫ್ಟ್ ಒಳಗಿನ ಸಿಗ್ನೇಚರ್ಸ್ ಫೋಲ್ಡರಿನಲ್ಲಿವೆ.

ಬ್ಯಾಕಪ್ ತೆಗೆಯದೆ ವಿಂಡೋಸ್ ಹಾಕಿಸಿಬಿಟ್ಟಿದ್ದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇದೆಯೇ ನೋಡಿ. ಫಾರ್ಮ್ಯಾಟ್ ಮಾಡದೆ ಮೇಲೆಯೇ ಹಾಕಿದ್ದರೆ ಹಳೆಯ ಆಪ್‌ಡೇಟಾ ಅದರೊಳಗೆ ಸಿಗುತ್ತದೆ. ಅಪ್‌ಗ್ರೇಡ್ ಆದ 10 ದಿನಗಳ ಮೇಲೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ, ಆದ್ದರಿಂದ ಇವತ್ತೇ ನೋಡಿ. ಕಂಪ್ಯೂಟರ್ ಆನ್ ಆಗದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ತೆಗೆಯಬಹುದು. ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಹಾಕಿದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಇಲ್ಲದೆ ಅದು ತೆರೆಯುವುದಿಲ್ಲ.

ಕಂಪ್ಯೂಟರ್ ಅಂಗಡಿಗಳವರಲ್ಲಿ ನಮ್ಮ ವಿನಂತಿ ಇದು. ಕೆಲಸದ ಚೀಟಿಯಲ್ಲಿ 'ಮೇಲ್ ಪ್ರೋಗ್ರಾಂ ಯಾವುದು, ಪಾಪ್ ಅಥವಾ ಐಮ್ಯಾಪ್' ಎಂದು ಒಂದು ಸಾಲು ಸೇರಿಸಿ, ಉತ್ತರ ಬರೆಸಿಕೊಂಡ ಮೇಲೆಯೇ ಸಿ ಡ್ರೈವ್ ಮುಟ್ಟಿ. ಗ್ರಾಹಕರು ಕಂಪ್ಯೂಟರ್ ತೆಗೆದುಕೊಂಡು ಹೋಗುವ ಮೊದಲು ಅಲ್ಲೇ ಕೂತು ಅತಿ ಹಳೆಯ ಪತ್ರವೊಂದನ್ನು ಅಟ್ಯಾಚ್‌ಮೆಂಟ್ ಸಮೇತ ತೆರೆಯಲಿ, ಸೆಂಟ್ ಫೋಲ್ಡರ್ ನೋಡಲಿ, ವಿಳಾಸಪುಸ್ತಕ ಮತ್ತು ಫಿಲ್ಟರ್‌ಗಳು ಬಂದಿವೆಯೇ ನೋಡಲಿ, ತಮಗೇ ಒಂದು ಮೇಲ್ ಕಳಿಸಿ ಅದು ಬಂದದ್ದನ್ನು ಕಾಣಲಿ. ಪೆನ್‌ಡ್ರೈವ್‌ನಲ್ಲಿರುವ ಬ್ಯಾಕಪ್ಪನ್ನು ಅದಾದ ಮೇಲೂ ಒಂದು ತಿಂಗಳು ಹಾಗೇ ಇಟ್ಟಿರಲಿ.

ಇಂತಿ,
ಕಂಪ್ಯೂಟರ್ ನಿರ್ವಹಣೆಯ ಕೆಲಸದವರು,
ಹಾಸನ